ಟ್ರೇನರ್ ಲೆಕ್ಕ ಕುದುರೆಯ ಕಾಲಿನಲ್ಲಿ

ಅಮೆರಿಕದ ಸ್ಟೀವ್ ಅಸ್ಮುಸೆನ್ 2023ರ ಫೆಬ್ರುವರಿಯಲ್ಲಿ ತಮ್ಮ ಹತ್ತು ಸಾವಿರನೇ ರೇಸ್ ಗೆದ್ದರು. ಉತ್ತರ ಅಮೆರಿಕದಲ್ಲಿ ಅವರಿಗಿಂತ ಮೊದಲು ಯಾವ ಟ್ರೇನರೂ ಆ ಗಡಿ ಮುಟ್ಟಿರಲಿಲ್ಲ. ಕರ್ಲಿನ್, ರೇಚಲ್ ಅಲೆಕ್ಸಾಂಡ್ರಾ, ಗನ್ ರನ್ನರ್ ಎಂಬ ಮಹಾ ಕುದುರೆಗಳು ಓಡಿದ್ದು ಅವರ ಲಾಯದಿಂದಲೇ. ಅಲ್ಲಿಗೆ ಶ್ರೇಷ್ಠ ಟ್ರೇನರ್ ಯಾರೆಂಬ ವಾದ ಮುಗಿಯಿತಲ್ಲ ಎನ್ನುತ್ತಾರೆ ನಮ್ಮ ರೇಸ್‌ಕೋರ್ಸ್ ರಸ್ತೆಯ ಪಂಡಿತರು. ನನಗೆ ಹಾಗನ್ನಿಸುವುದಿಲ್ಲ. ಸುಮಾರು ಐದು ಓಟಕ್ಕೊಂದು ಗೆಲುವು ತುಂಬ ಒಳ್ಳೆಯ ಲೆಕ್ಕವೇ, ಒಪ್ಪಿದೆ. ಆದರೆ ಅಷ್ಟು ಓಟ ಓಡಿದ ಕುದುರೆಗಳೆಷ್ಟು, ಅವುಗಳಲ್ಲಿ ಐದು ವರ್ಷ ತುಂಬಿದ ಮೇಲೂ ಗಟ್ಟಿ ಕಾಲಿನಲ್ಲಿ ನಿಂತವೆಷ್ಟು, ರೇಸ್ ಕಾರ್ಡಿನಿಂದ ಸದ್ದಿಲ್ಲದೆ ಮಾಯವಾದವೆಷ್ಟು? ಗೆಲುವಿನ ಪಟ್ಟಿಯ ಪಕ್ಕದಲ್ಲಿ ಈ ಪಟ್ಟಿಯನ್ನು ಯಾರೂ ಅಚ್ಚು ಹಾಕುವುದಿಲ್ಲ.

ಅಸ್ಮುಸೆನ್ ವಿಚಾರದಲ್ಲಿ ಇನ್ನೊಂದು ಮಾತೂ ಇದೆ. 2014ರಲ್ಲಿ ಪ್ರಾಣಿದಯಾ ಸಂಘಟನೆ ಪೆಟಾ ಅವರ ಲಾಯದೊಳಗೆ ಗುಟ್ಟಾಗಿ ಚಿತ್ರೀಕರಿಸಿದ ವಿಡಿಯೊ ಹೊರಬಿಟ್ಟು ದೊಡ್ಡ ಗಲಾಟೆಯಾಯಿತು. ಕೆಂಟಕಿಯ ತನಿಖೆಯಲ್ಲಿ ನಿಯಮ ಮುರಿದದ್ದು ಸಿಗಲಿಲ್ಲ. ನ್ಯೂಯಾರ್ಕ್‌ನಲ್ಲಿ ಮಾತ್ರ ರೇಸಿಗೆ 48 ಗಂಟೆಯೊಳಗೆ ಥೈರಾಯ್ಡ್ ಹಾರ್ಮೋನ್ ಥೈರಾಕ್ಸಿನ್ ಕೊಟ್ಟಿದ್ದಕ್ಕೆ ಹತ್ತು ಸಾವಿರ ಡಾಲರ್ ದಂಡ ಬಿತ್ತು. 2016ರಲ್ಲಿ ಅವರನ್ನು ಹಾಲ್ ಆಫ್ ಫೇಮ್‌ಗೂ ಸೇರಿಸಿಕೊಂಡರು. ಮೆಚ್ಚುವವರಿಗೂ ಹಳಿಯುವವರಿಗೂ ಈ ಒಂದೇ ಕಡತದಲ್ಲಿ ಬೇಕಾದಷ್ಟು ಸಾಕ್ಷಿ ಸಿಗುತ್ತದೆ. ಹಾಗಾಗಿ ಕಡತ ಬಿಟ್ಟು ಲಾಯಕ್ಕೇ ಹೋಗುವುದು ಮೇಲು.

ಬೆಂಗಳೂರಿನಲ್ಲಿ ಬೆಳಗಿನ ಟ್ರ್ಯಾಕ್ ವರ್ಕ್ ನೋಡಿದವರಿಗೆ ಗೊತ್ತು. ಬೆಳಕು ಹರಿಯುವ ಹೊತ್ತಿಗೆ ಕುದುರೆಗಳು ಸಾಲಾಗಿ ಬರುತ್ತವೆ, ಓಡುತ್ತವೆ, ಮೂಗಿನಿಂದ ಹಬೆ ಬಿಡುತ್ತ ವಾಪಸಾಗುತ್ತವೆ. ರೇಸ್ ಹುಚ್ಚಿನವರ ಕಣ್ಣೆಲ್ಲ ಸ್ಟಾಪ್‌ವಾಚಿನ ಮೇಲೆ. ನೋಡಬೇಕಾದ್ದು ಆಮೇಲಿನದು. ಕುದುರೆಗೆ ನೀರು ಹಾಕಿ ಮೈ ಒರೆಸಿದ ಮೇಲೆ ಒಳ್ಳೆಯ ಟ್ರೇನರ್ ಬಗ್ಗಿ, ಮುಂಗಾಲಿನ ಮೊಣಕಾಲಿನಿಂದ ಗೊರಸಿನ ಮೇಲಿನ ಗಿಣ್ಣಿನವರೆಗೆ ಹಿಂಬದಿಯಲ್ಲಿ ಅಂಗೈಯನ್ನು ನಿಧಾನಕ್ಕೆ ಇಳಿಸುತ್ತಾರೆ. ಒಂದು ಕಾಲಾಯಿತು, ಇನ್ನೊಂದು. ಮತ್ತೆ ಮೊದಲಿನದಕ್ಕೆ ಬರುತ್ತಾರೆ. ಹುಡುಕುವುದು ಬಿಸಿಯನ್ನು. ಕುದುರೆಯ ಮೊಣಕಾಲಿನ ಕೆಳಗೆ ಮಾಂಸಖಂಡ ಎಂಬುದೇ ಇಲ್ಲ. ಮೂಳೆ, ಟೆಂಡನ್, ಚರ್ಮ, ಅಷ್ಟೇ. ಸುಮಾರು ಐನೂರು ಕಿಲೋ ತೂಗುವ ಪ್ರಾಣಿ ನಾಗಾಲೋಟದಲ್ಲಿ ಒಂದೊಂದು ಹೆಜ್ಜೆಗೂ ಒಂದು ಕ್ಷಣ ಒಂದೇ ಕಾಲಿನ ಮೇಲೆ ನಿಂತಿರುತ್ತದೆ. ಟೆಂಡನ್ನಿನ ಎಳೆ ಹರಿಯತೊಡಗಿದರೆ ಕುಂಟು ಕಾಣುವ ಮೊದಲೇ ಕೈಗೆ ಬಿಸಿ ತಗಲುವುದುಂಟು. ಆ ಬಿಸಿ ಸಿಕ್ಕಿದ ದಿನ ಕುದುರೆಯನ್ನು ನಿಲ್ಲಿಸಿದರೆ ಕೆಲವು ವಾರಗಳಲ್ಲಿ ಸರಿಹೋಗಬಹುದು. ನೋವು ನಿವಾರಕ ಕೊಟ್ಟು ಶನಿವಾರದ ರೇಸಿಗೆ ಓಡಿಸಿದರೆ, ಹರಿದ ಟೆಂಡನ್ ಕೂಡಲು ವರ್ಷ ಬೇಕು, ಕೂಡಿದರೂ ಮೊದಲಿನಂತಾಗುವುದಿಲ್ಲ.

ಟ್ರ್ಯಾಕಿನಲ್ಲಿ ಕಾಲು ಮುರಿದುಕೊಳ್ಳುವ ಕುದುರೆಗಳ ಕಥೆಯೂ ಹೆಚ್ಚುಕಡಿಮೆ ಇದೇ. ಅಂಥ ಕುದುರೆಗಳ ಶವಪರೀಕ್ಷೆ ಮಾಡಿದ ವೈದ್ಯರು ಬಹುಪಾಲು ಪ್ರಕರಣಗಳಲ್ಲಿ ಮುರಿದ ಜಾಗದಲ್ಲೇ ಹಳೆಯ ಸಣ್ಣ ಬಿರುಕು, ಸವೆತ ಕಂಡಿದ್ದಾರೆ. ದುರದೃಷ್ಟ ಎಂದು ನಾವು ಕೈಚೆಲ್ಲುವ ಎಷ್ಟೋ ಸಾವುಗಳು ವಾರಗಳ ಮುಂಚೆಯೇ ಲಾಯದಲ್ಲಿ ಶುರುವಾಗಿರುತ್ತವೆ.

ಈ ಕಣ್ಣಿಟ್ಟುಕೊಂಡು ಈಗ ದೊಡ್ಡವರನ್ನು ನೋಡೋಣ. ಬಾಬ್ ಬ್ಯಾಫರ್ಟ್ ಹೆಸರು ಕೇಳದ ರೇಸ್ ಪ್ರಿಯರಿಲ್ಲ. 2015ರಲ್ಲಿ ಅಮೆರಿಕನ್ ಫೇರೋ, 2018ರಲ್ಲಿ ಜಸ್ಟಿಫೈ ಎಂದು ಎರಡು ಟ್ರಿಪಲ್ ಕ್ರೌನ್; ಅಂಥ ಸಾಧನೆ ಅವರಿಗೆ ಮೊದಲು ಸನ್ನಿ ಜಿಮ್ ಫಿಟ್ಜ್‌ಸಿಮನ್ಸ್ ಒಬ್ಬರದೇ. ಕೆಂಟಕಿ ಡರ್ಬಿ ಆರು. ಏಳನೆಯದನ್ನು ಕೊಟ್ಟು ಕಿತ್ತುಕೊಂಡರು. 2021ರಲ್ಲಿ ಮೊದಲು ಬಂದ ಮೆಡಿನಾ ಸ್ಪಿರಿಟ್‌ನ ರಕ್ತದಲ್ಲಿ ಒಂದು ಮಿಲಿಲೀಟರಿಗೆ 21 ಪಿಕೋಗ್ರಾಂ ಬೀಟಾಮೆಥಸೋನ್ ಸಿಕ್ಕಿತು. ಪಿಕೋಗ್ರಾಂ ಅಂದರೆ ಗ್ರಾಮಿನ ಲಕ್ಷ ಕೋಟಿಯಲ್ಲೊಂದು ಪಾಲು. ಕೀಲುಗಳ ಉರಿಯೂತ ಇಳಿಸುವ ಸ್ಟಿರಾಯ್ಡ್ ಅದು. ರೇಸಿನ ದಿನ ಮೈಯಲ್ಲಿ ಇರಲೇಬಾರದು. ಚರ್ಮದ ಕಜ್ಜಿಗೆ ಹಚ್ಚಿದ ಮುಲಾಮಿನಿಂದ ಬಂತು ಎಂದರು ಬ್ಯಾಫರ್ಟ್. 90 ದಿನ ಅಮಾನತು, ಏಳೂವರೆ ಸಾವಿರ ಡಾಲರ್ ದಂಡ. ಡರ್ಬಿ ನಡೆಸುವ ಚರ್ಚಿಲ್ ಡೌನ್ಸ್ ಅವರನ್ನು ಮೂರು ವರ್ಷ ಡರ್ಬಿಯ ಹತ್ತಿರ ಬಿಟ್ಟುಕೊಳ್ಳಲಿಲ್ಲ. ಒಂದು ಕಾಲಕ್ಕೆ ಸಾವಿರ ಡಾಲರಿಗೆ ಬಿಕರಿಯಾಗಿದ್ದ ಆ ಕುದುರೆ ಅದೇ ಡಿಸೆಂಬರಿನಲ್ಲಿ ಕ್ಯಾಲಿಫೋರ್ನಿಯಾದ ಸಾಂಟಾ ಅನಿಟಾ ಕೋರ್ಸಿನಲ್ಲಿ ಬೆಳಗಿನ ಓಟ ಮುಗಿಸಿ ಕುಸಿದು ಸತ್ತಿತು. ಸಾವಿನ ಕಾರಣ ಖಚಿತವಾಗಿ ತಿಳಿಯಲೇ ಇಲ್ಲ.

ಮುಲಾಮಿನ ಮಾತನ್ನು ನಾನು ನಂಬಬಲ್ಲೆ. 21 ಪಿಕೋಗ್ರಾಮಿನಿಂದ ಡರ್ಬಿ ಗೆಲ್ಲುವುದಿಲ್ಲ ಎಂದು ವಾದಿಸುವವರ ಜೊತೆಗೂ ನನ್ನ ಜಗಳವಿಲ್ಲ. ಕುದುರೆಯ ಮೈಯಲ್ಲಿ ಏನೇ ಸಿಕ್ಕರೂ ಟ್ರೇನರೇ ಹೊಣೆ ಎಂಬುದು ರೇಸಿನ ಹಳೆಯ ಕಾನೂನು, ಅದರಂತೆ ನಡೆಯಿತು. ನನ್ನ ತಕರಾರು ಅದಕ್ಕಿಂತ ಹಿಂದಿನದು. 2011ರ ನವೆಂಬರಿನಿಂದ 2013ರ ಮಾರ್ಚ್‌ವರೆಗೆ ಬ್ಯಾಫರ್ಟ್ ಕೈಕೆಳಗಿದ್ದ ಏಳು ಕುದುರೆಗಳು ಹಠಾತ್ತಾಗಿ ಸತ್ತವು. ಕ್ಯಾಲಿಫೋರ್ನಿಯಾದ ರೇಸಿಂಗ್ ಮಂಡಳಿ ತನಿಖೆ ಮಾಡಿ ನಿಯಮೋಲ್ಲಂಘನೆ ಇಲ್ಲ ಎಂದಿತು. ಆದರೆ ಅದೇ ವರದಿಯಲ್ಲಿ ಲಾಯದ ಎಲ್ಲ ಕುದುರೆಗಳಿಗೂ ಥೈರಾಕ್ಸಿನ್ ಕೊಡುತ್ತಿದ್ದದ್ದು ಬಯಲಾಯಿತು. ಥೈರಾಯ್ಡ್ ತೊಂದರೆ ಯಾವುದಕ್ಕಿದೆ, ಯಾವುದಕ್ಕಿಲ್ಲ ಎಂದು ನೋಡದೆ, ರಾಮನವಮಿಯ ಪಾನಕದ ಹಾಗೆ ಸಾಲಾಗಿ ಹಂಚಿದ್ದು. ಕಾನೂನಿನ ಪ್ರಕಾರ ತಪ್ಪಿಲ್ಲದಿರಬಹುದು. ಆದರೆ ಒಂದೊಂದು ಕುದುರೆಯನ್ನೂ ಬೇರೆಬೇರೆಯಾಗಿ ಕಾಣುವುದೇ ಈ ಕಸುಬಿನ ಮೊದಲ ಪಾಠವಲ್ಲವೇ? ನನ್ನ ಪುಸ್ತಕದಲ್ಲಿ ಅವರ ಅಂಕ ಕಡಿಮೆಯಾದದ್ದು ಅಲ್ಲಿ.

ಅಲ್ಲಿನ ಇನ್ನೊಬ್ಬ ಟ್ರೇನರ್ ಹೋರ್ಹೆ ನವಾರೊನ ವಿಷಯಕ್ಕೆ ಇಷ್ಟೆಲ್ಲ ತೂಗಿ ನೋಡುವುದು ಬೇಡ. ನಾಲ್ಕು ಓಟಕ್ಕೆ ಒಂದಕ್ಕಿಂತ ಹೆಚ್ಚು ಗೆಲ್ಲುತ್ತಿದ್ದ. ‘ಜ್ಯೂಸ್ ಮ್ಯಾನ್’ (ಮದ್ದು ಕೊಡುವವ) ಎಂದು ಮೂದಲಿಸಿದರೆ ಹಿಗ್ಗಿ, ಅದನ್ನೇ ಚಪ್ಪಲಿಯ ಮೇಲೆ ಬರೆಸಿಕೊಂಡಿದ್ದ. 2019ರಲ್ಲಿ ದುಬೈ ಗೋಲ್ಡನ್ ಶಾಹೀನ್ ಗೆದ್ದುಕೊಟ್ಟ ಎಕ್ಸ್ ವೈ ಜೆಟ್ ಎಂಬ ಕುದುರೆ ಮರುವರ್ಷ ಜನವರಿಯಲ್ಲಿ ಸತ್ತಾಗ ಹೃದಯಾಘಾತ ಎಂದು ಶೋಕ ಪ್ರಕಟಿಸಿದ. ಎರಡು ತಿಂಗಳಿಗೆ ಎಫ್‌ಬಿಐ ಬಂತು. ಆ ಕುದುರೆಗೂ ಉದ್ದೀಪನ ಮದ್ದು ಕೊಟ್ಟದ್ದನ್ನು ಒಪ್ಪಿಕೊಂಡ. 2021ರ ಡಿಸೆಂಬರಿನಲ್ಲಿ ಐದು ವರ್ಷ ಜೈಲಾಯಿತು. ಅದೇ ಉದ್ದೀಪನ ಮದ್ದಿನ ಜಾಲದಲ್ಲಿ ಸಿಕ್ಕಿಬಿದ್ದ ಜೇಸನ್ ಸರ್ವಿಸ್ ಮೊದಲ ಸೌದಿ ಕಪ್ ಓಟದಲ್ಲಿ ಮೊದಲು ಬಂದ ಮ್ಯಾಕ್ಸಿಮಮ್ ಸೆಕ್ಯೂರಿಟಿಯ ಟ್ರೇನರ್. ಅವನಿಗೆ ನಾಲ್ಕು ವರ್ಷ. ಅಷ್ಟು ದಿನ ಅವರ ಕುದುರೆಗಳ ಮೇಲೆ ದುಡ್ಡು ಕಟ್ಟಿದವರಾರೂ ಇಷ್ಟೊಂದು ಹೇಗೆ ಗೆಲ್ಲುತ್ತಾರೆ ಎಂದು ಕೇಳಲಿಲ್ಲ. ನಾವಾದರೂ ಕೇಳುತ್ತೇವೆಯೇ? ಬೇರೆ ಲಾಯದಲ್ಲಿ ಕಾಲೆಳೆಯುತ್ತಿದ್ದ ಕುದುರೆ ಹೊಸ ಟ್ರೇನರ್ ಕೈಗೆ ಹೋದ ಹದಿನೈದು ದಿನಕ್ಕೆ ಐದು ಲೆಂತ್ (ಕುದುರೆಯುದ್ದ) ಅಂತರದಲ್ಲಿ ಗೆದ್ದರೆ, ‘ಕೈಗುಣ ನೋಡಿ ಸ್ವಾಮಿ’ ಎಂದು ಮುಂದಿನ ರೇಸಿಗೆ ಬುಕ್ಕಿಯ ಮುಂದೆ ನಿಲ್ಲುವವರು ನಾವೇ.

ನನಗೆ ದೊಡ್ಡ ಟ್ರೇನರ್ ಅಂದರೆ ಹೆನ್ರಿ ಸೆಸಿಲ್. ಹತ್ತು ಸಲ ಬ್ರಿಟನ್ನಿನ ಚಾಂಪಿಯನ್, ಕ್ಲಾಸಿಕ್ ಗೆಲುವು 25. ಅದಕ್ಕಲ್ಲ ಮೆಚ್ಚುವುದು. 2005ರಲ್ಲಿ ಅದೇ ಮನುಷ್ಯ ಇಡೀ ವರ್ಷಕ್ಕೆ ಗೆದ್ದದ್ದು ಬರೀ ಹನ್ನೆರಡು ರೇಸ್. ಮಾಲೀಕರು ಕುದುರೆ ಬಿಡಿಸಿಕೊಂಡು ಹೋದರು, ಲಾಯ ಖಾಲಿಯಾಯಿತು. ಮುಂದಿನ ವರ್ಷ ಕ್ಯಾನ್ಸರ್ ಪತ್ತೆಯಾಯಿತು. ಆಗಲೂ ಜೊತೆ ಬಿಡದ ಪ್ರಿನ್ಸ್ ಖಾಲಿದ್ ಅಬ್ದುಲ್ಲಾ ಕಳಿಸಿದ ಮರಿಗಳಲ್ಲಿ ಒಂದು ಫ್ರಾಂಕೆಲ್.

ಫ್ರಾಂಕೆಲ್ ಹದಿನಾಲ್ಕು ಓಡಿ ಹದಿನಾಲ್ಕೂ ಗೆದ್ದಿತು ಎಂಬುದು ಎಲ್ಲರ ಬಾಯಲ್ಲಿದೆ. ಆದರೆ ಅದು ಆರಂಭದಲ್ಲಿ ಎಂಥ ಹುಚ್ಚು ಕುದುರೆ ಎಂಬುದು ಅಷ್ಟಾಗಿ ಬಾಯಿಗೆ ಬರುವುದಿಲ್ಲ. ಲಗಾಮು ಕಚ್ಚಿ ಹಿಡಿದರೆ ಮೇಲೆ ಕೂತವನ ಕೈ ಕಿತ್ತು ಬರಬೇಕು. ಅಂಥದ್ದನ್ನು ಬಲವಂತದಿಂದ ಬಗ್ಗಿಸಬಹುದು, ಬಗ್ಗಿಸಿ ಕೆಡಿಸಲೂಬಹುದು. ಸೆಸಿಲ್ ದಿನವೂ ಅದೇ ಸವಾರನನ್ನು ಹತ್ತಿಸಿ, ಬೇರೆ ಕುದುರೆಗಳ ಹಿಂದೆ ನಿಧಾನಕ್ಕೆ ಓಡುವುದನ್ನು ಕಲಿಸುತ್ತ ಹೋದರು. 2011ರ 2000 ಗಿನೀಸ್ ರೇಸಿನಲ್ಲಿ ಗೇಟು ತೆರೆದ ಕ್ಷಣದಿಂದಲೇ ಹಾರಿ ಆರು ಲೆಂತ್ ಅಂತರದಲ್ಲಿ ಗೆದ್ದಾಗ ಊರಿಗೆ ಊರೇ ಎಪ್ಸಮ್ ಡರ್ಬಿ ಓಡಿಸಿ ಎಂದಿತು. ಒಂದು ಮೈಲಿಗೆ ಹದವಾಗಿದ್ದ, ಇನ್ನೂ ಮನಸ್ಸು ತಣಿಯದ ಕುದುರೆಗೆ ಎಪ್ಸಮ್ಮಿನ ಒಂದೂವರೆ ಮೈಲಿ ಈಗ ಬೇಡ ಎಂದು ತೀರ್ಮಾನವಾಯಿತು. ಗಿನೀಸ್ ಗೆದ್ದ ಸೋಲಿಲ್ಲದ ಕುದುರೆಯನ್ನು ಡರ್ಬಿಯಿಂದ ಹೊರಗಿಡಲು ಎದೆಗಾರಿಕೆ ಬೇಕು.

ಮರುವರ್ಷ ಏಪ್ರಿಲ್‌ನಲ್ಲಿ ಓಡುವಾಗ ಅದರ ಹಿಂಗಾಲು ಮುಂಗಾಲಿಗೆ ಬಡಿದು ಟೆಂಡನ್ ಬಳಿ ಪೆಟ್ಟಾಯಿತು. ಫ್ರಾಂಕೆಲ್ ಕಥೆ ಮುಗಿಯಿತು ಎಂಬ ಗಾಳಿಸುದ್ದಿ ಹಬ್ಬಿತು. ಸ್ಕ್ಯಾನ್ ಮಾಡಿಸಿದರು, ಟೆಂಡನ್ ಕೆಟ್ಟಿಲ್ಲವೆಂದು ಖಾತ್ರಿಯಾದ ಮೇಲೆಯೇ ಕೆಲಸಕ್ಕೆ ಹಚ್ಚಿ ಮೇ ತಿಂಗಳಲ್ಲಿ ಲಾಕಿಂಜ್ ಸ್ಟೇಕ್ಸ್ ಗೆಲ್ಲಿಸಿದರು. ಆಗಸ್ಟಿನಲ್ಲಿ ಯಾರ್ಕ್‌ನಲ್ಲಿ ಮೊದಲ ಬಾರಿಗೆ ಮೈಲಿಗಿಂತ ಹೆಚ್ಚು ದೂರ ಓಡಿಸಿದಾಗ ಸೆಸಿಲ್ ಧ್ವನಿ ಪಿಸುಮಾತಿಗಿಳಿದಿತ್ತು, ಮೈ ಇಳಿದುಹೋಗಿತ್ತು. ಅಕ್ಟೋಬರಿನಲ್ಲಿ ಆಸ್ಕಟ್‌ನಲ್ಲಿ ಕೊನೆಯ ಓಟ. ಕುದುರೆ ನಾಲ್ಕು ಕಾಲೂ ಗಟ್ಟಿಯಾಗಿ, ತಳಿ ಬೆಳೆಸಲು ಸ್ಟಡ್‌ಗೆ ಹೋಯಿತು. 2013ರ ಜೂನ್‌ನಲ್ಲಿ ಸೆಸಿಲ್ ತೀರಿಕೊಂಡರು.

ರಾಜಕುಮಾರನ ದುಡ್ಡಿದ್ದರೆ ತಾಳ್ಮೆಗೇನು ಬರ ಎಂದು ನೀವು ಕೇಳಬಹುದು. ಕೇಳಬೇಕಾದ ಪ್ರಶ್ನೆಯೇ. ನಮ್ಮಲ್ಲಿ ಟ್ರೇನರ್ ತಿಂಗಳ ಬಿಲ್ ಕಳಿಸಿದ ಕೂಡಲೇ ಮಾಲೀಕರ ಫೋನ್ ಬರುತ್ತದೆ: ಯಾವಾಗ ಓಡಿಸುತ್ತೀರಿ? ನಾಲ್ಕೈದು ಜನ ಸೇರಿ ಕೊಂಡ ಕುದುರೆಯಾದರೆ ನಾಲ್ಕೈದು ಫೋನು. ಕಾಲು ಬಿಸಿ ಇದೆ, ಆರು ವಾರ ಬೇಡ ಎಂದರೆ ಏಳನೇ ವಾರ ಆ ಕುದುರೆ ಬೇರೆ ಲಾಯದಲ್ಲಿರುತ್ತದೆ. ಅದಕ್ಕೇ ನನ್ನ ಗೌರವ, ಗೆಲುವಿನ ಪಟ್ಟಿಯ ತುದಿಯಲ್ಲಿರುವ ಚಾಂಪಿಯನ್ನರಿಗಿಂತ, ಹತ್ತು ಹನ್ನೆರಡು ಕುದುರೆ ಇಟ್ಟುಕೊಂಡು ಒಂದರ ತಿಂಗಳ ಬಿಲ್ ಹೋದರೂ ಚಿಂತೆಯಿಲ್ಲ ಎಂದು ‘ಬೇಡ’ ಅನ್ನುವ ಸಣ್ಣ ಟ್ರೇನರ್‌ಗೆ ಸಲ್ಲುತ್ತದೆ. ಅವರ ಹೆಸರು ಪತ್ರಿಕೆಗೆ ಬರುವುದಿಲ್ಲ. ಓಡದ ರೇಸಿನ ವರದಿ ಯಾರು ಬರೆಯುತ್ತಾರೆ?

ಟ್ರೇನರ್ ಕಾಳಜಿಗೆ ಇನ್ನೊಂದು ಮಿತಿಯೂ ಇದೆ. ಚಾರ್ಲಿ ವಿಟಿಂಗ್‌ಹ್ಯಾಮ್ ತಾಳ್ಮೆಗೇ ಹೆಸರಾದವರು. 1986ರಲ್ಲಿ, ತಮ್ಮ 73ನೇ ವಯಸ್ಸಿನಲ್ಲಿ ಫರ್ಡಿನಾಂಡ್ ಎಂಬ ಕುದುರೆಯಿಂದ ಕೆಂಟಕಿ ಡರ್ಬಿ ಗೆದ್ದರು. ಮೇಲೆ ಕೂತಿದ್ದ ಬಿಲ್ ಶೂಮೇಕರ್‌ಗೆ 54. ಮರುವರ್ಷ ಬ್ರೀಡರ್ಸ್ ಕಪ್ ಕ್ಲಾಸಿಕ್ಕೂ ಬಂತು. ಅವರ ಲಾಯದಲ್ಲಿ ಆ ಕುದುರೆಗೆ ಯಾವ ಕೊರತೆಯೂ ಆಗಲಿಲ್ಲ. ನಿವೃತ್ತಿಯಾಗಿ, ಜಪಾನಿಗೆ ಮಾರಾಟವಾಗಿ, ಅಲ್ಲಿ ತಳಿಗೆ ಬೇಡಿಕೆ ಇಳಿದ ಮೇಲೆ 2002ರಲ್ಲಿ ಫರ್ಡಿನಾಂಡ್ ಕಸಾಯಿಖಾನೆ ಸೇರಿತು ಎಂದು ಮರುವರ್ಷ ಹೊರಬಿತ್ತು. ಇದರಲ್ಲಿ ಟ್ರೇನರ್ ತಪ್ಪೇನೂ ಇಲ್ಲ. ಅಷ್ಟು ಹೊತ್ತಿಗೆ ಅವರು ತೀರಿಕೊಂಡೂ ಆಗಿತ್ತು.

ಕಟ್ಟುನಿಟ್ಟು ಮಾಡಿದರೆ ಫಲ ಸಿಗುತ್ತದೆ ಎಂಬುದಕ್ಕೂ ಪುರಾವೆ ಇದೆ. 2018ರ ಡಿಸೆಂಬರಿನ ಕೊನೆಯಿಂದ ಆರೇ ತಿಂಗಳಲ್ಲಿ ಸಾಂಟಾ ಅನಿಟಾದಲ್ಲಿ ಮೂವತ್ತು ಕುದುರೆ ಸತ್ತಾಗ ಕೋರ್ಸಿನವರು 7,600ಕ್ಕೂ ಹೆಚ್ಚು ರೇಸ್ ಗೆದ್ದಿದ್ದ, ಹಾಲ್ ಆಫ್ ಫೇಮ್ ಸೇರಿದ್ದ ಜೆರಿ ಹಾಲೆಂಡಾರ್ಫರ್‌ಗೇ ಬಾಗಿಲು ತೋರಿಸಿದರು. ಸತ್ತವುಗಳಲ್ಲಿ ನಾಲ್ಕು ಅವರವು. ಅಮೆರಿಕದಲ್ಲಿ 2009ರಲ್ಲಿ ಸಾವಿರ ಓಟಕ್ಕೆ ಎರಡು ಕುದುರೆ ಸಾಯುತ್ತಿದ್ದದ್ದು 2022ಕ್ಕೆ 1.25ಕ್ಕೆ ಇಳಿಯಿತು. ಲೆಕ್ಕ ಇಟ್ಟು ಜನರ ಮುಂದಿಟ್ಟ ಮೇಲೆ ಇಳಿದದ್ದು ಇದು.

ಕುದುರೆ ರೇಸು ಜೂಜಲ್ಲ, ಕೌಶಲದ ಆಟ ಎಂದು ನಮ್ಮ ಸುಪ್ರೀಂ ಕೋರ್ಟ್ 1996ರಲ್ಲೇ ಹೇಳಿದೆ. ಕೌಶಲವೆಂದರೆ ಅದರಲ್ಲಿ ಅರ್ಧ ಟ್ರೇನರ್‌ನದು. ಅದನ್ನು ಅಳೆಯಲು ಬೇಕಾದ ಲೆಕ್ಕವನ್ನು ಬಾಜಿ ಕಟ್ಟುವ ಪಂಟರ್‌ಗೂ ಕೊಡಿ ಎಂಬುದು ಬೆಂಗಳೂರು, ಮೈಸೂರಿನ ಕ್ಲಬ್‌ಗಳಲ್ಲಿ ನನ್ನ ಕೋರಿಕೆ. ಥರೋಬ್ರೆಡ್ ಮರಿಯ ಹುಟ್ಟು, ತಂದೆ, ತಾಯಿ ಎಲ್ಲ ಪುಣೆಯ ಸ್ಟಡ್ ಬುಕ್ಕಿನಲ್ಲಿ ದಾಖಲಾಗಿರುತ್ತದೆ. ಅಷ್ಟೇ ನಿಷ್ಠೆಯಿಂದ, ಸೀಸನ್ ಮುಗಿದಾಗ ಅಚ್ಚಾಗುವ ಟ್ರೇನರ್ ಪಟ್ಟಿಯಲ್ಲಿ ಗೆಲುವಿನ ಮುಂದೆ ಇನ್ನು ಮೂರು ಕಾಲಂ ಸೇರಿಸಿ: ಲಾಯಕ್ಕೆ ಬಂದ ಕುದುರೆ ಎಷ್ಟು, ಗಾಯವಾಗಿ ನಿಂತದ್ದೆಷ್ಟು, ರೇಸ್ ಬಿಟ್ಟವು ಈಗ ಎಲ್ಲಿವೆ. ಮುಂದಿನ ಸೀಸನ್ನಿನಿಂದಲೇ ಶುರುಮಾಡಬಹುದು.