ಆಟವೂ ನೋಟವೂ

ಒಂದು ಕಥೆಯು ಒಂದು ಕಾವ್ಯಪ್ರಕಾರವನ್ನು ಬಿಟ್ಟು ಮತ್ತೊಂದನ್ನು ಹೊಕ್ಕಾಗ ಏನು ಉಳಿಯುವುದು, ಏನು ಅಳಿಯುವುದು ಎಂಬ ವಿಚಾರವು ನಮ್ಮವರಿಗೆ ಹೊಸತಲ್ಲ. ಮಹಾಭಾರತದ ದುಷ್ಯಂತನು ಶಕುಂತಲೆಯನ್ನು ಬಲ್ಲನು. ಬಲ್ಲವನಾಗಿಯೇ ತುಂಬಿದ ಸಭೆಯಲ್ಲಿ ಆಕೆಯನ್ನು ಅರಿಯೆನೆನ್ನುವನು. ಕಾಳಿದಾಸನಾದರೋ ದುರ್ವಾಸರ ಶಾಪವನ್ನೂ ಉಂಗುರವನ್ನೂ ನಡುವೆ ತಂದು, ರಾಜನ ದೋಷವನ್ನೆಲ್ಲ ಮರೆವಿನ ಮೇಲೆ ಹೊರಿಸಿದನು. ಆಖ್ಯಾನದಲ್ಲಿ ಸಹಿಸಬಹುದಾದ ನಾಯಕನನ್ನು ರಂಗದ ಮೇಲೆ ಸಹಿಸಲಾಗದೆಂದು ಕವಿಗೆ ತೋರಿರಬೇಕು. ಇಂಥದೇ ಒಂದು ಪ್ರಕರಣವನ್ನು ಅಮೆರಿಕಾ ದೇಶದ ಒಂದು ವಿಡಿಯೋ ಆಟವೂ ಅದರಿಂದ ಹುಟ್ಟಿದ ಟೆಲಿವಿಷನ್ ಧಾರಾವಾಹಿಯೂ ನಮ್ಮ ಮುಂದಿಟ್ಟಿವೆ. ಆಟಗಳ ಮಾತಿಗೆ ಸಾಹಿತ್ಯಪತ್ರಿಕೆಯಲ್ಲಿ ಎಡೆಯೆಲ್ಲಿಯದೆಂದು ಹುಬ್ಬುಗಂಟಿಕ್ಕುವ ವಾಚಕ ಮಹಾಶಯರಲ್ಲಿ ನನ್ನ ವಿನಂತಿಯಿಷ್ಟೆ: ಕಳೆದ ಬೇಸಗೆಯವರೆಗೆ ನಾನೂ ತಮ್ಮ ಪಂಕ್ತಿಯಲ್ಲಿಯೇ ಕುಳಿತಿದ್ದೆನು. ರಜೆಗೆ ಬಂದ ಮೊಮ್ಮಗನು ಅಲ್ಲಿಂದ ಎಬ್ಬಿಸಿದನು.

‘ದಿ ಲಾಸ್ಟ್ ಆಫ್ ಅಸ್’ ಎಂಬ ಈ ಆಟವನ್ನು ‘ನಾಟಿ ಡಾಗ್’ ಎಂಬ ಸಂಸ್ಥೆಯವರು ೨೦೧೩ರ ಜೂನ್ ತಿಂಗಳಲ್ಲಿ ಪ್ಲೇಸ್ಟೇಷನ್ ಯಂತ್ರಕ್ಕಾಗಿ ಹೊರತಂದರು. ಕಥೆಯನ್ನು ಬರೆದವರು ನೀಲ್ ಡ್ರಕ್‌ಮನ್. ಅವರನ್ನೇ ಜೊತೆಗೂಡಿಸಿಕೊಂಡು ಕ್ರೇಗ್ ಮೇಜಿನ್ ಎಂಬವರು ರಚಿಸಿದ ಅದೇ ಹೆಸರಿನ ಧಾರಾವಾಹಿಯು ೨೦೨೩ರ ಜನವರಿಯಿಂದ ಮಾರ್ಚಿಯವರೆಗೆ ಎಚ್‌ಬಿಓ ವಾಹಿನಿಯಲ್ಲಿ ಒಂಬತ್ತು ಕಂತುಗಳಾಗಿ ಪ್ರಸಾರವಾಯಿತು. ೨೦೨೫ರಲ್ಲಿ ಬಂದ ಎರಡನೆಯ ಭಾಗವು ಬೇರೊಂದು ಆಟವನ್ನು ಅನುಸರಿಸಿದುದಾದ್ದರಿಂದ ಇಲ್ಲಿ ಅದರ ಗೊಡವೆಯಿಲ್ಲ.

ವಸ್ತುವು ಸರಳವಾದುದು. ಇರುವೆಗಳ ಮೈಹೊಕ್ಕು ಅವುಗಳ ನಡೆಯನ್ನೇ ವಶಮಾಡಿಕೊಳ್ಳುವ ಒಂದು ಜಾತಿಯ ಶಿಲೀಂಧ್ರವು ಸೃಷ್ಟಿಯಲ್ಲಿ ನಿಜವಾಗಿಯೂ ಉಂಟು. ಅದು ಮನುಷ್ಯರಿಗೂ ತಗುಲಿದರೆ ಏನಾದೀತೆಂಬುದು ಕಲ್ಪನೆ. ಲೋಕವು ಹಾಳಾದ ಮೊದಲ ರಾತ್ರಿಯೇ ಜೋಯಲ್ ಎಂಬವನು ತನ್ನ ಮಗಳು ಸಾರಾಳನ್ನು ಒಬ್ಬ ಸೈನಿಕನ ಗುಂಡಿಗೆ ಕಳೆದುಕೊಳ್ಳುವನು. ಇಪ್ಪತ್ತು ವರ್ಷಗಳ ತರುವಾಯ, ರೋಗಿಗಳಿಂದ ಕಡಿತಕ್ಕೊಳಗಾಗಿಯೂ ರೋಗ ತಗುಲದಿರುವ ಎಲೀ ಎಂಬ ಹದಿನಾಲ್ಕು ವರ್ಷದ ಹುಡುಗಿಯನ್ನು, ‘ಫೈರ್‌ಫ್ಲೈಸ್’ ಎಂಬ ಬಂಡಾಯದ ದಳದವರ ವೈದ್ಯರ ಬಳಿಗೆ ಒಯ್ಯುವ ಕೆಲಸ ಅವನ ಪಾಲಿಗೆ ಬರುವುದು. ಬಾಸ್ಟನ್ ನಗರದಿಂದ ಸಾಲ್ಟ್ ಲೇಕ್ ಸಿಟಿಯವರೆಗಿನ ಆ ದಾರಿಯಲ್ಲಿ ಹುಡುಗಿಯು ಅವನಿಗೆ ಮಗಳಾಗುವಳು. ಕಡೆಗೆ ತಿಳಿಯುವುದೇನೆಂದರೆ, ಮದ್ದು ಬೇಕಾದರೆ ಅವಳ ಮಿದುಳನ್ನು ಕೊಯ್ಯಬೇಕು, ಅವಳು ಸಾಯಬೇಕು. ಜೋಯಲನು ಅಡ್ಡಬಂದವರನ್ನು ಕೊಂದು ಹುಡುಗಿಯನ್ನು ಹೊತ್ತೊಯ್ಯುವನು. ಎಚ್ಚರಗೊಂಡವಳಿಗೆ ಸುಳ್ಳು ಹೇಳುವನು. ಇಷ್ಟು ಕಥೆ ಎರಡರಲ್ಲಿಯೂ ಒಂದೇ.

ಇನ್ನು ಭೇದದ ಮಾತು. ಧಾರಾವಾಹಿಯವರು ಮಾಡಿದ ಅತ್ಯಂತ ದಿಟ್ಟ ಬದಲಾವಣೆಯು ಮೂರನೆಯ ಕಂತಿನಲ್ಲಿದೆ. ಆಟದಲ್ಲಿ ಬಿಲ್ ಎಂಬವನು ಲಿಂಕನ್ ಎಂಬ ಪಾಳುಬಿದ್ದ ಊರಿನಲ್ಲಿ ಒಬ್ಬಂಟಿಯಾಗಿರುವ ಸಿಡುಕುಮೋರೆಯವನು. ಅವನ ಒಡನಾಡಿ ಫ್ರಾಂಕನನ್ನು ನಾವು ಹೆಣವಾಗಿಯೇ ಕಾಣುವೆವು. ರೋಗ ತಗುಲಿತೆಂದು ನೇಣು ಹಾಕಿಕೊಂಡವನು, ಬಿಲ್ಲನ ಮೇಲಿನ ದ್ವೇಷವನ್ನು ಒಂದು ಚೀಟಿಯಲ್ಲಿ ಬರೆದಿಟ್ಟು ಸತ್ತಿರುವನು. ಧಾರಾವಾಹಿಯಲ್ಲಿ ಇದೆಲ್ಲ ತಲೆಕೆಳಗಾಗಿದೆ. ಬಿಲ್ಲನು ತೋಡಿದ ಕಂದಕದಲ್ಲಿ ಫ್ರಾಂಕನು ಬಂದು ಬೀಳುವನು. ಒಂದು ಹೊತ್ತಿನ ಊಟಕ್ಕೆಂದು ಒಳಗೆ ಬಂದವನು ಅಲ್ಲಿಯೇ ಉಳಿದು, ಇಬ್ಬರೂ ಹದಿನಾರು ವರ್ಷಗಳ ಕಾಲ ದಂಪತಿಗಳಂತೆ ಬಾಳುವರು. ಕೋವಿಯೊಂದರ ಬದಲಿಗೆ ಪಡೆದ ಬೀಜದಿಂದ ಬೆಳೆದ ಸ್ಟ್ರಾಬೆರಿ ಹಣ್ಣನ್ನು ಇಬ್ಬರು ಮುದುಕರು ತಿಂದು ನಗುವ ಒಂದು ದೃಶ್ಯವಿದೆ. ಅದನ್ನು ಕಂಡು ನನ್ನ ಮನೆಯಾಕೆಯು ಕಣ್ಣೊರಸಿಕೊಂಡಳು. ಕೊನೆಗೆ ಫ್ರಾಂಕನ ರೋಗವು ವಾಸಿಯಾಗದೆಂದು ತಿಳಿದಾಗ ಇಬ್ಬರೂ ಕೂಡಿಯೇ ಸಾಯುವರು. ಬಿಲ್ಲನಾಗಿ ಅಭಿನಯಿಸಿದ ನಿಕ್ ಆಫರ್ಮನ್ನರಿಗೆ ಎಮ್ಮಿ ಪಾರಿತೋಷಕವು ದೊರೆತುದು ಉಚಿತವೇ ಸರಿ.

ಇದು ಆಟದಲ್ಲಿ ಏಕೆ ಇಲ್ಲ? ಆಟವು ಬರೆಯಲಾರದೆ ಬಿಟ್ಟುದಲ್ಲ. ಅದರ ಜಾತಿಯೇ ಬಿಡಿಸಿತು. ಆಟಗಾರನು ಜೋಯಲನ ಬೆನ್ನಿಗಂಟಿಕೊಂಡು ನಡೆಯತಕ್ಕವನು. ಜೋಯಲನಿಲ್ಲದ ಊರಿನ ಹದಿನಾರು ವರ್ಷಗಳನ್ನು ಅವನು ಕಾಣುವ ಬಗೆಯೆಂತು? ಅವನಿಗೆ ಸಿಕ್ಕುವುದು ಹೆಣ ಮತ್ತು ಚೀಟಿ. ಧಾರಾವಾಹಿಗೆ ಈ ಕಟ್ಟಿಲ್ಲ. ಜಕಾರ್ತ ನಗರಕ್ಕೆ ಹಾರಿ ಅಲ್ಲಿನ ಶಿಲೀಂಧ್ರಶಾಸ್ತ್ರದ ವಿದುಷಿಯೊಬ್ಬಳ ನಡುಗುವ ಕೈಯನ್ನೂ ತೋರಿಸಬಲ್ಲದು. ಸಾರಾಳ ಕಡೆಯ ದಿನವನ್ನು ಬೆಳಗಿನಿಂದ ರಾತ್ರಿಯವರೆಗೆ ಹಿಂಬಾಲಿಸಬಲ್ಲದು. ಕರುಣವು ವಿಸ್ತಾರವನ್ನು ಬೇಡುವ ರಸ. ಆ ವಿಸ್ತಾರವು ಧಾರಾವಾಹಿಗೆ ಒದಗಿತು.

ಎಲ್ಲ ಬದಲಾವಣೆಗಳೂ ಹೀಗೆ ಫಲಿಸಿವೆಯೆನ್ನಲಾರೆನು. ಕಾನ್ಸಾಸ್ ಸಿಟಿಯ ದಂಗೆಯ ನಾಯಕಿಯಾಗಿ ಹೊಸದಾಗಿ ಕಲ್ಪಿಸಿದ ಕ್ಯಾಥ್ಲೀನಳ ಪಾತ್ರವು ಬೇರೂರುವ ಮೊದಲೇ ಮುಗಿದುಹೋಯಿತು. ಆಟದಲ್ಲಿ ರೋಗವು ಗಾಳಿಯಲ್ಲಿ ತೇಲುವ ಬೀಜಕಣಗಳಿಂದಲೂ ಹರಡುವುದು, ಆದ್ದರಿಂದ ಅಲ್ಲಲ್ಲಿ ಮುಖಕ್ಕೆ ಮಾಸ್ಕ್ ತೊಡಬೇಕು. ಧಾರಾವಾಹಿಯಲ್ಲಿ ಬೀಜಕಣಗಳನ್ನು ಬಿಟ್ಟು ಬೇರಿನಂತೆ ಹಬ್ಬುವ ಎಳೆಗಳನ್ನು ತಂದಿರುವರು. ಮುಖವೇ ಮುಚ್ಚಿದ ನಟನಿಗೆ ಮುಖಜಾಭಿನಯವೆಲ್ಲಿ? ಭರತಮುನಿಯೂ ಒಪ್ಪುತ್ತಿದ್ದನು.

ಈಗ ಮುಖ್ಯ ವಿಷಯಕ್ಕೆ ಬರುತ್ತೇನೆ. ನಟನನ್ನು ರಾಮನೆಂದು ತಿಳಿಯುವ ಪ್ರೇಕ್ಷಕನ ಜ್ಞಾನವು ಎಂಥದೆಂಬುದಕ್ಕೆ ಶ್ರೀಶಂಕುಕನು ಚಿತ್ರತುರಗವನ್ನು ದೃಷ್ಟಾಂತವಾಗಿ ಕೊಟ್ಟಿರುವನು. ಚಿತ್ರದಲ್ಲಿನ ಕುದುರೆಯನ್ನು ಕಂಡು ‘ಕುದುರೆ’ ಎಂದುಕೊಳ್ಳುವುದು ಸತ್ಯಜ್ಞಾನವಲ್ಲ, ಮಿಥ್ಯಾಜ್ಞಾನವೂ ಅಲ್ಲ, ಸಂಶಯವಲ್ಲ, ಸಾದೃಶ್ಯಜ್ಞಾನವೂ ಅಲ್ಲ. ಅದೊಂದು ವಿಲಕ್ಷಣವಾದ ಪ್ರತೀತಿ. ಅಭಿನವಗುಪ್ತಾಚಾರ್ಯರು ಶಂಕುಕನ ಅನುಮಿತಿವಾದವನ್ನು ಖಂಡಿಸಿದರೂ ದೃಷ್ಟಾಂತವು ನಮ್ಮ ಪಾಠಶಾಲೆಗಳಲ್ಲಿ ಬದುಕಿ ಉಳಿಯಿತು. ಅದನ್ನು ಗುರುಗಳ ಬಾಯಿಂದ ಕೇಳಿ, ಮೂವತ್ತು ವರ್ಷಗಳ ಕಾಲ ನಾನು ಮಕ್ಕಳಿಗೆ ಒಪ್ಪಿಸಿದೆನು. ಜೊತೆಗೆ ಒಂದು ಮಾತನ್ನು ಸೇರಿಸುತ್ತಿದ್ದೆನು: ರಂಗದ ಮೇಲೆ ಕೊಲೆಯಾದರೂ ಪ್ರೇಕ್ಷಕನ ಕೈ ಶುದ್ಧ; ಕರ್ಮವು ಪಾತ್ರಕ್ಕೆ, ಆಸ್ವಾದವು ನಮಗೆ.

ಮೊಮ್ಮಗನ ಆಟದಲ್ಲಿ ಜೋಯಲನು ಎಲೀಯನ್ನು ಹಿಂದೆ ಕೂರಿಸಿಕೊಂಡು ಕುದುರೆಯ ಮೇಲೆ ಹೋಗುವ ಭಾಗವೊಂದುಂಟು. “ತಾತ, ಇಲ್ಲಿ ಕಷ್ಟವೇನಿಲ್ಲ, ನೀವೇ ನಡೆಸಿ” ಎಂದು ಕಂಟ್ರೋಲರನ್ನು ನನ್ನ ಕೈಗಿತ್ತನು. ನಾನು ಬೆರಳೊತ್ತಿದೆ, ಚಿತ್ರತುರಗವು ನಡೆಯಿತು. ಶಂಕುಕನು ಕುದುರೆಯನ್ನು ನೋಡುವವನ ವಿಚಾರ ಹೇಳಿದನೇ ಹೊರತು ಏರುವವನ ವಿಚಾರ ಹೇಳಲಿಲ್ಲ. ಆ ದಿನ ನನಗೆ ಇದೊಂದು ತಮಾಷೆಯಾಗಿ ತೋರಿತು.

ಆಸ್ಪತ್ರೆಯ ಭಾಗ ಬಂದಾಗ ತಮಾಷೆಯೆಲ್ಲ ಮುಗಿಯಿತು. ನಡವೆಗಳ ಕಾಳಗವನ್ನೆಲ್ಲ ಹುಡುಗನೇ ಮುಗಿಸಿ, ಶಸ್ತ್ರಚಿಕಿತ್ಸೆಯ ಕೋಣೆಯ ಬಾಗಿಲಲ್ಲಿ ನನಗೆ ಕೊಟ್ಟನು. ಒಳಗೆ ಮೇಜಿನ ಮೇಲೆ ಎಲೀ ಪ್ರಜ್ಞೆಯಿಲ್ಲದೆ ಮಲಗಿರುವಳು. ವೈದ್ಯನೊಬ್ಬನು ಸಣ್ಣದೊಂದು ಚಿಕಿತ್ಸೆಯ ಕತ್ತಿಯನ್ನು ಹಿಡಿದು, ಹುಡುಗಿಯನ್ನು ಒಯ್ಯಲು ಬಿಡೆನೆಂದು ಎದುರು ನಿಂತಿರುವನು. ಅವನು ಯೋಧನಲ್ಲ, ಅವನ ಕೈ ನಡುಗುತ್ತಿದ್ದಂತೆ ನನಗೆ ತೋರಿತು. ನಾನು ಸುಮ್ಮನೆ ಕುಳಿತೆ. ಆಟವೂ ಸುಮ್ಮನೆ ಕಾಯಿತು. ನಾಟಕವಾಗಿದ್ದರೆ ನಾನು ಕಣ್ಣುಮುಚ್ಚಿದರೂ ಮುಂದೆ ಸಾಗಿಬಿಡುತ್ತಿತ್ತು. ಇಲ್ಲಿ ನಾನು ಮಾಡದೆ ಯಾವುದೂ ಆಗದು. ಉಳಿದ ಇಬ್ಬರು ಸಹಾಯಕರನ್ನು ಕೊಲ್ಲುವುದೂ ಬಿಡುವುದೂ ಆಟಗಾರನ ಇಚ್ಛೆಗೆ ಸೇರಿದುದು. ವೈದ್ಯನ ವಿಷಯದಲ್ಲಿ ಆ ಇಚ್ಛೆಯಿಲ್ಲ. “ತಾತ, ಒತ್ತಲೇಬೇಕು, ಬೇರೆ ದಾರಿಯಿಲ್ಲ” ಎಂದನು ಮೊಮ್ಮಗ. ಒತ್ತಿದೆನು.

ಅದೇ ಸಂದರ್ಭವನ್ನು ಧಾರಾವಾಹಿಯಲ್ಲಿಯೂ ನೋಡಿದೆನು. ಗುಂಡಿನ ಸದ್ದುಗಳನ್ನು ಮಂದಗೊಳಿಸಿ, ಅದರ ಮೇಲೆ ಶೋಕದ ಸಂಗೀತವನ್ನು ಹರಿಯಬಿಟ್ಟಿರುವರು. ಪೆಡ್ರೋ ಪಾಸ್ಕಲ್ಲರ ಜೋಯಲನು ನಿದ್ದೆಯಲ್ಲಿ ನಡೆಯುವವನಂತೆ ಕೊಲ್ಲುತ್ತ ಹೋಗುವನು. ಕಲೆಯು ಉತ್ತಮವಾದುದು. ನನಗೆ ದುಃಖವಾಯಿತು, ಅವನಿಗಾಗಿ, ಸತ್ತವರಿಗಾಗಿ, ಏನನ್ನೂ ಅರಿಯದ ಹುಡುಗಿಗಾಗಿ. ಮತ್ತು ಆ ರಾತ್ರಿ ನಿದ್ದೆ ಬಂದಿತು. ಆಟದ ರಾತ್ರಿ ಬಂದಿರಲಿಲ್ಲ. ಧಾರಾವಾಹಿಯು ಜೋಯಲನಿಗೆ ಮಂದವಾದ ಕಿವಿಯನ್ನೂ ಎದೆ ಹಿಡಿದುಕೊಳ್ಳುವ ಭೀತಿಯನ್ನೂ ಕೊಟ್ಟಿದೆ. ಮಗಳು ಸತ್ತ ಮರುದಿನ ತಾನೂ ಸಾಯಹೊರಟ ಸಂಗತಿಯನ್ನು ಅವನ ಬಾಯಿಂದಲೇ ಹೇಳಿಸಿದೆ. ಇವೆಲ್ಲವೂ ಅದರ ದುರ್ವಾಸಶಾಪಗಳು. ಅವನು ಮಾಡಿದುದನ್ನು ಅವು ಅಳಿಸುವುದಿಲ್ಲ. ನಾವು ಅವನನ್ನು ಸಹಿಸುವಂತೆ ಮಾಡುವುವು. ಆಟಕ್ಕೆ ಅವು ಬೇಕಾಗಿರಲಿಲ್ಲ. ಏಕೆಂದರೆ ಅಲ್ಲಿ ನಾವು ಸಹಿಸಬೇಕಾದವನು ಜೋಯಲನಲ್ಲ.

ಇಲ್ಲಿ ಒಂದು ಪೂರ್ವಪಕ್ಷವುಂಟು. ಬೇರೆ ದಾರಿಯೇ ಇಲ್ಲವೆಂದ ಮೇಲೆ ಆಟಗಾರನು ಕರ್ತೃವೆಂತು? ಗುಂಡಿಯನ್ನೊತ್ತಿದ ಬೆರಳು ಆಟ ರಚಿಸಿದವರ ಕೈಗೆ ಸಿಕ್ಕಿದ ಉಪಕರಣವಷ್ಟೆಯಲ್ಲವೆ? ನನ್ನ ಸಮಾಧಾನಕ್ಕಾಗಿ ನಾನೇ ಈ ಪಕ್ಷವನ್ನು ಬಹಳ ದಿನ ಹಿಡಿದೆನು. ಆದರೆ ವ್ಯಾಕರಣವು ಬಿಡಲಿಲ್ಲ. ದೇವದತ್ತನು ಯಜ್ಞದತ್ತನಿಂದ ಅನ್ನವನ್ನು ಬೇಯಿಸುವನೆಂಬಲ್ಲಿ ದೇವದತ್ತನು ಪ್ರಯೋಜಕಕರ್ತೃ, ಯಜ್ಞದತ್ತನು ಪ್ರಯೋಜ್ಯಕರ್ತೃ. ಪ್ರೇರಿತನಾದರೂ ಅವನು ಕರ್ತೃವೇ; ಕರಣವೆಂದರೆ ಕಟ್ಟಿಗೆ. ಡ್ರಕ್‌ಮನ್ನರು ಕೊಲ್ಲಿಸಿದರು, ನಾನು ಕೊಂದೆನು, ಕೋವಿಯು ಕರಣ. ಅಲ್ಲದೆ ಸುಮಾರು ಹದಿನೈದು ಗಂಟೆಗಳ ಕಾಲ ಆ ಹುಡುಗಿಯ ಜೊತೆಯಲ್ಲಿ ನಡೆದವನಿಗೆ ಅವಳನ್ನು ಎತ್ತಿಕೊಂಡು ಹೋಗಬೇಕೆಂಬ ಇಚ್ಛೆಯೇ ಇರಲಿಲ್ಲವೆಂದರೆ ಸುಳ್ಳಾದೀತು. ಇಚ್ಛೆಯಿತ್ತು, ಅದರ ಬೆಲೆಯನ್ನು ಬೇರೆಯವರು ತೆರಲೆಂದು ನಾನು ಬಯಸಿದ್ದೆನು. ೨೦೨೦ರಲ್ಲಿ ಬಂದ ಎರಡನೆಯ ಆಟದಲ್ಲಿ ಆ ವೈದ್ಯನಿಗೊಬ್ಬ ಮಗಳಿದ್ದಳೆಂದು ತಿಳಿಯುವುದಂತೆ. ಮೊಮ್ಮಗನು ಅದನ್ನು ಹೇಳಿದಾಗ ನಾನು ಎದ್ದು ಹೊರಗೆ ಹೋದೆನು.

ಧಾರಾವಾಹಿಯ ಪಕ್ಷಪಾತಿಗಳಿಗೆ ನಾನು ಇಷ್ಟನ್ನು ಒಪ್ಪುವೆನು: ಮೂರನೆಯ ಕಂತಿನ ಸಮಕ್ಕೆ ಬರುವ ಕರುಣವು ಆಟದಲ್ಲಿ ಎಲ್ಲಿಯೂ ಇಲ್ಲ. ಆದರೆ ಕೊನೆಯ ಪ್ರಸಂಗವನ್ನು ಎರಡರಲ್ಲಿಯೂ ಒಟ್ಟಿಗಿಟ್ಟು ನೋಡಬೇಕು. ಜ್ಯಾಕ್ಸನ್ ಊರಿನ ಸಮೀಪದ ಗುಡ್ಡದಲ್ಲಿ ಎಲೀಯು ನಿಂತು, ನೀನು ಹೇಳಿದುದೆಲ್ಲ ನಿಜವೆಂದು ಆಣೆಯಿಡೆಂದು ಕೇಳುವಳು, ಜೋಯಲನು ಆಣೆಯಿಡುವನು, ಅವಳು ಅವನ ಮುಖವನ್ನು ನೋಡಿ ‘ಸರಿ’ ಎನ್ನುವಳು. ಮಾತು ಎರಡರಲ್ಲಿಯೂ ಹೆಚ್ಚುಕಡಿಮೆ ಅದೇ. ಬೆಲಾ ರ್ಯಾಮ್ಸೆಯವರ ಆ ಕ್ಷಣದ ಕಣ್ಣುಗಳನ್ನು ಮರೆಯುವಂತಿಲ್ಲ. ಆಟದಲ್ಲಾದರೋ, ಗುಡ್ಡವನ್ನೇರುವ ಆ ಕೊನೆಯ ದಾರಿಯಲ್ಲಿ ಆಟಗಾರನು ಜೋಯಲನಾಗಿರುವುದಿಲ್ಲ, ಎಲೀಯಾಗಿರುವನು. ಮುಂದೆ ಜೋಯಲನ ಬೆನ್ನು. ಹಿಂದೆ ನನ್ನ ಬೆರಳಿನಿಂದ ನಡೆಯುವ ಹುಡುಗಿಯ ಸಣ್ಣ ಹೆಜ್ಜೆಗಳು. ಕೊಂದ ಬೆರಳುಗಳೇ ಅವು. ಅವನು ಆಣೆಯಿಟ್ಟಾಗ ಕೇಳಿದವನು ನಾನು, ಸುಳ್ಳೆಂದು ಬಲ್ಲವನೂ ನಾನು. ಹುಡುಗಿಯು ‘ಸರಿ’ ಎಂದ ಕೂಡಲೇ ತೆರೆಯು ಕಪ್ಪಾಯಿತು. ಮೊಮ್ಮಗನು ಕಂಟ್ರೋಲರಿಗಾಗಿ ಕೈಚಾಚಿದನು.