ಎಲ್ಲಿಸ್ ದ್ವೀಪದ ಹಜಾರದಲ್ಲಿ ಔತಣ

ನ್ಯೂಯಾರ್ಕ್ ಬಂದರಿನ ಎಲ್ಲಿಸ್ ದ್ವೀಪ ಅಮೆರಿಕದ ರಾಷ್ಟ್ರೀಯ ಉದ್ಯಾನ ಸೇವೆಯ ಸುಪರ್ದಿನಲ್ಲಿದೆ. ವಲಸೆ ಬಂದವರ ಹೆಸರು ಬರೆದುಕೊಂಡ ಅಲ್ಲಿನ ನೋಂದಣಿ ಹಜಾರವನ್ನು ಸಂಜೆಯ ಖಾಸಗಿ ಔತಣಗಳಿಗೆ ಬಾಡಿಗೆಗೆ ಕೊಡುತ್ತಾರೆ. ಹಗಲು ಜನರಿಗೆ, ರಾತ್ರಿ ದುಡ್ಡು ಕೊಟ್ಟವರಿಗೆ, ಇದರಲ್ಲಿ ಯಾರಿಗೂ ನಷ್ಟವಿಲ್ಲ ಎಂದು ಈ ಪದ್ಧತಿಯನ್ನು ಮೆಚ್ಚುವವರಿದ್ದಾರೆ. ಆ ಮೆಚ್ಚುಗೆಗೆ ಅದು ಅರ್ಹವಲ್ಲ.

ಉದ್ಯಾನ ಸೇವೆಯ ನಿಯಮಾವಳಿಯಲ್ಲಿ ವಿಶೇಷ ಕಾರ್ಯಕ್ರಮಗಳ ಕುರಿತು ಒಂದು ವಿಧಿಯಿದೆ. ದೋಣಿ ಸ್ಪರ್ಧೆ, ಮನರಂಜನೆ, ಸಮಾರಂಭ ಎಲ್ಲಕ್ಕೂ ಅನುಮತಿ ಸಿಗಬಹುದು. ಆದರೆ ಕಾರ್ಯಕ್ರಮಕ್ಕೂ ಸ್ಥಳಕ್ಕೂ ಅರ್ಥಪೂರ್ಣ ಸಂಬಂಧ ಇರಬೇಕು. ಸ್ಥಳದ ಮಹತ್ವ ಸಂದರ್ಶಕರಿಗೆ ಇನ್ನಷ್ಟು ತಿಳಿಯುವಂತಿರಬೇಕು. ಮುಖ್ಯವಾಗಿ ಸಂಘಟಕರ ಆರ್ಥಿಕ ಲಾಭಕ್ಕೆಂದೇ ನಡೆಯುವಂಥದ್ದಾದರೆ ಅನುಮತಿ ಇಲ್ಲ. ಬಾಡಿಗೆ ಯಾವ ಗುತ್ತಿಗೆಯ ದಾರಿಯಲ್ಲಿ ಬಂದರೂ ಅಳತೆಗೋಲು ಇದೇ ಆಗಬೇಕು. ಇಲ್ಲಿ 'ಹಾನಿಯಾಗದಿದ್ದರೆ ಸಾಕು' ಎಂಬ ಮಾತೇ ಇಲ್ಲ. ಕಾರ್ಯಕ್ರಮ ಸ್ಥಳಕ್ಕೆ ಏನನ್ನಾದರೂ ಕೊಡಬೇಕು ಎಂದು ವಿಧಿ ಕೇಳುತ್ತದೆ. ಸಂದರ್ಶಕರೆಲ್ಲ ಕೊನೆಯ ದೋಣಿ ಹತ್ತಿ ಹೋದ ಮೇಲೆ, ಕರೆದವರಷ್ಟೇ ಕೂತು ಉಣ್ಣುವ ಹೊತ್ತಿನಲ್ಲಿ, ತಿಳಿದುಕೊಳ್ಳುವ ಸಂದರ್ಶಕ ಯಾರು? ಕಂಬದ ಮೇಲೆ ಗೀರು ಬೀಳಲಿಲ್ಲ, ನೆಲ ಒರೆಸಿಟ್ಟರು ಎಂಬ ಸಮಜಾಯಿಷಿ ಈ ಪ್ರಶ್ನೆಯನ್ನು ಮುಟ್ಟುವುದೇ ಇಲ್ಲ.

ಬಳಕೆಯಲ್ಲಿರುವ ಕಟ್ಟಡವೇ ಉಳಿಯುತ್ತದೆ, ಬಾಡಿಗೆಯಿಲ್ಲದೆ ದುರಸ್ತಿಗೆ ಹಣ ಎಲ್ಲಿಂದ ಎಂದು ಕೇಳುವವರೊಡನೆ ನನಗೆ ನಿಜವಾದ ಜಗಳವಿದೆ. 1954ರಲ್ಲಿ ಬಾಗಿಲು ಮುಚ್ಚಿದ ಮೇಲೆ ಆ ದ್ವೀಪ ಪಾಳುಬಿದ್ದದ್ದು ನಿಜ. 1990ರಲ್ಲಿ ಅದು ವಸ್ತುಸಂಗ್ರಹಾಲಯವಾಗಿ ತೆರೆದದ್ದು ಔತಣದ ಬಾಡಿಗೆಯಿಂದಲ್ಲ, ಜನ ಕೊಟ್ಟ ದೇಣಿಗೆಯಿಂದ. ದಕ್ಷಿಣ ಭಾಗದ ಆಸ್ಪತ್ರೆ ಕಟ್ಟಡಗಳಂತೂ ಬಹುಪಾಲು ಇಂದಿಗೂ ಜೀರ್ಣಾವಸ್ಥೆಯಲ್ಲೇ ಇವೆ. ಬಾಡಿಗೆ ಅವುಗಳನ್ನು ಎತ್ತಿ ನಿಲ್ಲಿಸಿಲ್ಲ.

'ಉದ್ಯಾನ ಸೇವೆಯ ಕೈಲಿದ್ದರೂ ಇದು ಕಾಡಲ್ಲ, ಬರೀ ಕಟ್ಟಡ' ಎನ್ನುವವರು ಇನ್ನೂ ದೊಡ್ಡ ತಪ್ಪು ಮಾಡುತ್ತಾರೆ. ಬಂಡೀಪುರದಲ್ಲಿ ಅತಿಥಿಗೃಹ ಕಾಡಿನ ಒಂದು ಮೂಲೆ. ಎಲ್ಲಿಸ್‌ನಲ್ಲಿ ಕಾಪಾಡಬೇಕಾದ ಸ್ಥಳವೇ ಆ ಹಜಾರ. ಸುಮಾರು 1.2 ಕೋಟಿ ಜನ ಆ ದ್ವೀಪವನ್ನು ದಾಟಿ ಹೋದರು. ಕೆಲವರನ್ನು ಅಲ್ಲಿಂದಲೇ ಹಿಂದಕ್ಕೆ ಕಳಿಸಿದರು. ಹಾಗೆ ದಾಟಿ ಹೋದವರ ಮೊಮ್ಮಕ್ಕಳಿಗೆ ಸಂಜೆ ಬಾಗಿಲು ಹಾಕಿ ಅಪರಿಚಿತರ ಔತಣಕ್ಕೆ ತೆರೆಯುವುದು ನನಗೆ ಒಪ್ಪಲಾಗದ ಅವಮಾನ.

ನಮ್ಮಲ್ಲೂ ಇಂಥ ಪ್ರಶ್ನೆ ಎದ್ದಿತ್ತು. ನಾಗರಹೊಳೆ ಕಾಡಿನೊಳಗಿನ ಮೂರ್ಕಲ್‌ನಲ್ಲಿದ್ದ ಕಟ್ಟಡಗಳನ್ನು ಸರ್ಕಾರ ಹೋಟೆಲ್ ಕಂಪನಿಗೆ ಗುತ್ತಿಗೆ ಕೊಟ್ಟಾಗ ಬುಡಕಟ್ಟು ಜನರ ಸಂಘಟನೆ ನ್ಯಾಯಾಲಯಕ್ಕೆ ಹೋಯಿತು. 1997ರಲ್ಲಿ ಕರ್ನಾಟಕ ಹೈಕೋರ್ಟ್ ಆ ಗುತ್ತಿಗೆ ಕಾನೂನುಬಾಹಿರವೆಂದು ತೀರ್ಪು ಕೊಟ್ಟಿತು. ಅಲ್ಲಿ ಅಡ್ಡಬಂದದ್ದು 1980ರ ಅರಣ್ಯ ಸಂರಕ್ಷಣಾ ಕಾಯ್ದೆ. ಎಲ್ಲಿಸ್‌ನಲ್ಲಿ ಹೊಸ ಕಾನೂನೂ ಬೇಕಿಲ್ಲ; ಇರುವ ವಿಧಿಯನ್ನು ಬರೆದಂತೆ ಓದಿದರೆ ಆ ಬಾಡಿಗೆ ನಿಲ್ಲಬೇಕು.