ಪಂಚವಟಿಯ ಶೂರ್ಪನಖಿ: ಒಬ್ಬಳೋ, ಇಬ್ಬರೋ?

ಪಾರ್ತಿಸುಬ್ಬನ ‘ಪಂಚವಟಿ’ಯು ತೆಂಕುತಿಟ್ಟಿನ ರಂಗಸ್ಥಳದಲ್ಲಿ ಇಂದಿಗೂ ಕಳೆಗುಂದದೆ ಉಳಿದ ಪ್ರಸಂಗಗಳಲ್ಲೊಂದು. ಕವಿಯು ಕುಂಬಳೆಯವನೆಂದು ಮುಳಿಯ ತಿಮ್ಮಪ್ಪಯ್ಯನವರು ಪ್ರತಿಪಾದಿಸಿದುದೂ, ಶಿವರಾಮ ಕಾರಂತರು ಅದನ್ನು ಒಪ್ಪದೆ ವಾದಿಸಿದುದೂ, ತರುವಾಯ 1975ರಲ್ಲಿ ಕುಕ್ಕಿಲ ಕೃಷ್ಣ ಭಟ್ಟರು ‘ಪಾರ್ತಿಸುಬ್ಬನ ಯಕ್ಷಗಾನಗಳು’ ಎಂಬ ಸಂಪುಟವನ್ನು ಸಂಪಾದಿಸಿ ಕೊಟ್ಟುದೂ ವಾಚಕರಿಗೆ ತಿಳಿದ ವಿಷಯವೇ. ಕಣಿಪುರದ ಗೋಪಾಲಕೃಷ್ಣನ ಊರಿನವರಾದ ನಮಗೆ ಈ ವಾದದಲ್ಲಿ ಪಕ್ಷಪಾತವಿಲ್ಲವೆಂದರೆ ಯಾರೂ ನಂಬಲಾರರು. ಆದುದರಿಂದ ಅದನ್ನು ಬದಿಗಿರಿಸಿ, ಪ್ರಸಂಗದ ಒಂದು ಭಾಗವನ್ನಷ್ಟೇ ಇಲ್ಲಿ ಪರಿಶೀಲಿಸುವೆವು. ಅದು ಶೂರ್ಪನಖಿಯ ಭಾಗ.

ಬಯಲಾಟದಲ್ಲಿ ಈ ಪಾತ್ರಕ್ಕೆ ಇಬ್ಬರು ವೇಷಧಾರಿಗಳು. ಘೋರರೂಪವು ಹೆಣ್ಣುಬಣ್ಣದವನದು, ಮಾಯಾರೂಪವು ಸ್ತ್ರೀವೇಷದವನದು. ಮೊದಲನೆಯವಳು ಚೆಂಡೆಯ ಅಬ್ಬರದೊಡನೆ, ದೊಂದಿಯ ಉರಿಗೆ ಎರಚಿದ ರಾಳದ ಭುಗಿಲಿನ ನಡುವೆ, ಮಕ್ಕಳ ನಿದ್ದೆಯನ್ನು ಹಾರಿಸಿ ಬರುವಳು. ರಾಮನನ್ನು ಕಂಡು ಮೋಹಗೊಂಡು ರೂಪವನ್ನು ಬದಲಿಸುವಳೆಂಬಲ್ಲಿಗೆ ಅವಳು ಮರೆಯಾಗಿ, ಎರಡನೆಯವಳು ಬಳುಕುತ್ತ ಪ್ರವೇಶಿಸುವಳು. ಪೂತನಿಯ ಕಥೆಯಲ್ಲಿಯೂ ಇದೇ ಕ್ರಮವುಂಟು. ರಂಗತಂತ್ರವಾಗಿ ಇದು ಸೊಗಸಾದುದೆಂಬುದರಲ್ಲಿ ಸಂದೇಹವಿಲ್ಲ. ವಾಲ್ಮೀಕಿಯಲ್ಲಿ ಈ ರೂಪಾಂತರವೇ ಇಲ್ಲ. ಅಲ್ಲಿ ಅವಳು ತನ್ನ ವಿಕಾರದೊಡನೆಯೇ ರಾಮನೆದುರು ನಿಲ್ಲುವಳು. ಮಾಯೆಯ ಚೆಲುವನ್ನು ಅವಳಿಗೆ ತೊಡಿಸಿದವರು ಕಂಬನೇ ಮೊದಲಾದ ದೇಶಭಾಷೆಯ ಕವಿಗಳು. ನಮ್ಮ ಆಟವು ಆ ಕಲ್ಪನೆಯನ್ನು ಕಣ್ಣಿಗೆ ಕಟ್ಟುವಂತೆ ಇಬ್ಬರು ಮನುಷ್ಯರನ್ನಾಗಿಯೇ ಮಾಡಿತು.

ತೊಡಕು ಇರುವುದೂ ಅಲ್ಲಿಯೇ. ದೇಹವು ಇಬ್ಬಗೆಯಾದಂತೆ ಮನಸ್ಸೂ ಇಬ್ಬಗೆಯಾಗಿಬಿಟ್ಟಿದೆ. ಘೋರರೂಪದವಳಿಗೆ ಆರ್ಭಟವೊಂದೇ ಪಾಲು. ಮಾಯಾರೂಪದವಳಿಗೆ ಲಾಸ್ಯ ಮತ್ತು ಚೇಷ್ಟೆ. ರಾಮನಿಂದ ಲಕ್ಷ್ಮಣನಲ್ಲಿಗೆ, ಲಕ್ಷ್ಮಣನಿಂದ ಮರಳಿ ರಾಮನಲ್ಲಿಗೆ ಅವಳನ್ನು ಅಟ್ಟುವ ಸಂದರ್ಭವನ್ನು ಈಚೆಗೆ ಎಷ್ಟು ಹಿಗ್ಗಿಸುತ್ತಾರೆಂದರೆ, ಸಭೆಯು ನಕ್ಕು ನಕ್ಕು ದಣಿದಿರುವಾಗಲೇ ಮೂಗು ಕೊಯ್ಯುವ ಘಟನೆಯೂ ನಡೆದುಹೋಗುವುದು. ರಕ್ತವನ್ನು ಕಂಡೂ ಜನರು ನಗುತ್ತಾರೆ. ಇದು ಹಾಸ್ಯವಲ್ಲ, ಹಾಸ್ಯದ ಆಭಾಸ.

ಅವಳು ಯಾರೆಂಬುದನ್ನು ಸ್ವಲ್ಪ ನೆನೆಯೋಣ. ಉತ್ತರಕಾಂಡದ ಪ್ರಕಾರ ಅವಳ ಗಂಡ ವಿದ್ಯುಜ್ಜಿಹ್ವನನ್ನು ಕಾಲಕೇಯರೊಡನೆ ನಡೆದ ಯುದ್ಧದಲ್ಲಿ ಕೊಂದವನು ರಾವಣನೇ, ಅವಳ ಒಡಹುಟ್ಟಿದ ಅಣ್ಣ. ಗೋಳಾಡಿದ ತಂಗಿಯನ್ನು ಸಮಾಧಾನಪಡಿಸಲು ಅವನು ಖರನ ಜೊತೆಗೆ ಅವಳನ್ನು ದಂಡಕಾರಣ್ಯಕ್ಕೆ ಕಳುಹಿಸಿದನು. ಎಂದಮೇಲೆ ಪಂಚವಟಿಯಲ್ಲಿ ಅಲೆಯುವವಳು ಅಣ್ಣನಿಂದಲೇ ವಿಧವೆಯಾದ ತಂಗಿ. ಜೈನ ಸಂಪ್ರದಾಯದ ರಾಮಕಥೆಗಳಲ್ಲಿ ಅವಳ ಹೆಸರು ಚಂದ್ರನಖಿ. ಬಿದಿರು ಮೆಳೆಯಲ್ಲಿ ತಪಸ್ಸಿಗೆ ಕುಳಿತ ಅವಳ ಮಗ ಶಂಬೂಕನು ಲಕ್ಷ್ಮಣನ ಕತ್ತಿಗೆ ಅರಿಯದೆ ಆಹುತಿಯಾದನು. ನಾಗಚಂದ್ರನ ರಾಮಾಯಣವು ಬೆಳೆದುದು ಈ ಸಂಪ್ರದಾಯದಲ್ಲಿಯೇ. ಅಲ್ಲಿ ಮಗನ ಶೋಕವು ಮೊದಲು, ಮೋಹವು ಆಮೇಲೆ. ಶೋಕದಿಂದ ಮೋಹಕ್ಕೆ ಜಾರುವ ಆ ಮನಸ್ಸು ವಿಚಿತ್ರವಾದುದು, ಆದರೆ ಅದು ಮನಸ್ಸು, ಬರಿಯ ಬಣ್ಣವಲ್ಲ.

ಮಾಯಾವಿನಿಯರನ್ನು ಒಡಹುಟ್ಟಿದವರ ನಡುವೆ ಇಟ್ಟು ನೋಡುವುದು ಹಳೆಯ ಕಥೆಗಳ ಹಾದಿಯಷ್ಟೇ ಅಲ್ಲ. ಅಮೇರಿಕದ ಟೆಲಿವಿಷನ್‌ನಲ್ಲಿ 1998ರಿಂದ 2006ರವರೆಗೆ ‘ಚಾರ್ಮ್ಡ್’ ಎಂಬ ಧಾರಾವಾಹಿಯೊಂದು ಪ್ರಸಾರವಾಯಿತು. ಮಾಟಗಾತಿಯರಾದ ಮೂವರು ಅಕ್ಕತಂಗಿಯರ ಕಥೆ ಅದು. ಅದರ ಮೊದಲ ಕಂತಿನಲ್ಲಿ ಹಿರಿಯವಳಿಗೂ ಕಿರಿಯವಳಿಗೂ ಮನಸ್ತಾಪ. ಅಜ್ಜಿಯ ಮನೆಯ ಅಟ್ಟದಲ್ಲಿ ಮಂತ್ರದ ಪುಸ್ತಕವೊಂದು ಸಿಗುವುದು. ಒಬ್ಬಳಿಗೆ ವಸ್ತುಗಳನ್ನು ಸರಿಸುವ, ಒಬ್ಬಳಿಗೆ ಕಾಲವನ್ನು ತಡೆಯುವ, ಒಬ್ಬಳಿಗೆ ಮುಂದಾಗುವುದನ್ನು ಕಾಣುವ ಶಕ್ತಿಗಳು ಬರುವುವು. ನಡುವಿನವಳ ಪ್ರಿಯಕರನೇ ಮಾರುವೇಷದ ದುಷ್ಟಮಾಂತ್ರಿಕನಾಗಿದ್ದು, ಅವನು ನಿಜರೂಪವನ್ನು ತೋರಿದಾಗ ಜಗಳವಾಡಿದ ಸೋದರಿಯರು ಒಂದಾಗಿ ನಿಂತು ಅವನನ್ನು ಗೆಲ್ಲುವರು. ಕಥೆಯು ಸರಳ, ಸಾಹಿತ್ಯಗುಣವೂ ಅಷ್ಟಕ್ಕಷ್ಟೆ. ಆದರೂ ಅದನ್ನು ಹೆಣೆದವರು ಒಂದು ಮಾತನ್ನು ಮರೆಯಲಿಲ್ಲ: ಮಾಯೆಯು ನೋಡುಗನನ್ನು ಬೆರಗುಗೊಳಿಸುವುದು ಒಂದು ಗಳಿಗೆ ಮಾತ್ರ, ಅವನನ್ನು ಹಿಡಿದು ಕೂರಿಸುವುದು ಅಕ್ಕತಂಗಿಯರ ಜಗಳ ಮತ್ತು ಅಕ್ಕರೆ. ನಮ್ಮ ಶೂರ್ಪನಖಿಗೂ ಒಡಹುಟ್ಟಿದವರುಂಟು. ಅವಳ ಮೊರೆಯನ್ನು ಕೇಳಿ ಖರನು ಮೊದಲು 14 ಮಂದಿ ರಕ್ಕಸರನ್ನೂ ಆಮೇಲೆ 14,000 ಮಂದಿಯನ್ನೂ ಹೊರಡಿಸಿ ಅಳಿದುಹೋದನು. ರಾವಣನು ಅಳಿದುದೂ ಅವಳ ಮಾತಿನಿಂದಲೇ. ಗಂಡನನ್ನು ಕೊಂದ ಅಣ್ಣನ ಮುಂದೆಯೇ ನ್ಯಾಯ ಬೇಡುವ ತಂಗಿಗಿಂತ ದೊಡ್ಡ ನಾಟಕವು ಯಾವ ಧಾರಾವಾಹಿಯಲ್ಲಿದೆ?

ಈ ಕೊರತೆಯನ್ನು ಕವಿಯ ತಲೆಗೆ ಕಟ್ಟುವುದು ಸಲ್ಲದು. ಪ್ರಸಂಗದ ಪದ್ಯಗಳು ಚೌಕಟ್ಟು ಮಾತ್ರ, ಮಾತೆಲ್ಲವೂ ಅರ್ಥಧಾರಿಯದು. ತಾಳಮದ್ದಳೆಯಲ್ಲಿ ಇದು ಚೆನ್ನಾಗಿ ತಿಳಿಯುವುದು. ಅಲ್ಲಿ ಬಣ್ಣವಿಲ್ಲ, ಬಳುಕಿಲ್ಲ; ಒಬ್ಬನೇ ಅರ್ಥಧಾರಿಯು ಎರಡು ರೂಪಗಳನ್ನೂ ಒಂದೇ ಕೊರಳಿನಿಂದ ನುಡಿಯಬೇಕು. ಅವನು ಸಮರ್ಥನಾಗಿದ್ದರೆ ರಾಮನನ್ನು ಓಲೈಸುವ ಇಂಪಿನ ಅಡಿಯಲ್ಲಿ ಗಂಡನ ನೆನಪೊಂದು ಗೊಗ್ಗರವಾಗಿ ಕೇಳಿಸುವುದು. ಆಟದಲ್ಲಿ ಇದು ಆಗಬೇಕಾದರೆ ಇಬ್ಬರು ವೇಷಧಾರಿಗಳು ಚೌಕಿಯಲ್ಲಿ ಮೊದಲೇ ಕುಳಿತು ಮಾತನಾಡಿಕೊಳ್ಳಬೇಕು: ಘೋರರೂಪದವಳು ಪ್ರವೇಶದಲ್ಲಿ ಆಡಿದ ಒಂದು ನುಡಿಯನ್ನು ಮಾಯಾರೂಪದವಳು ಎತ್ತಿಕೊಳ್ಳಬೇಕು, ಮೂಗು ಕಳೆದುಕೊಂಡ ಮೇಲೆ ಅದೇ ನುಡಿಯು ಮರಳಿ ಬರಬೇಕು. ಕಷ್ಟದ ಕೆಲಸವೇನಲ್ಲ.

ಕೇರಳದ ಶಾಲಾ ಕಲೋತ್ಸವದಲ್ಲಿ ಯಕ್ಷಗಾನವೂ ಒಂದು ಸ್ಪರ್ಧೆಯಾಗಿರುವುದರಿಂದ ಈ ಮಾತುಗಳನ್ನು ಅಧ್ಯಾಪಕರ ಮುಂದೆ ಇಡುತ್ತಿದ್ದೇವೆ. ‘ಪಂಚವಟಿ’ಯನ್ನು ಆರಿಸಿಕೊಂಡಲ್ಲಿ, ಮೂಗು ಕೊಯ್ಯಿಸಿಕೊಂಡ ಹೆಂಗಸನ್ನು ಕಂಡು ನಗುವುದನ್ನು ಮಕ್ಕಳಿಗೆ ನಾವೇ ಕಲಿಸಿದಂತಾಗಬಾರದು. ಲಕ್ಷ್ಮಣನ ಕತ್ತಿಯನ್ನು ಮೆಚ್ಚುವ ಹುಡುಗನೂ ಒಂದು ಕ್ಷಣ ಸುಮ್ಮನಾಗಬೇಕು. ಗಾಯಗೊಂಡವಳು ರಾವಣನ ಒಡ್ಡೋಲಗಕ್ಕೆ ಬರುವಾಗ ಚೆಂಡೆಯನ್ನು ಸ್ವಲ್ಪ ತಡೆಹಿಡಿಯುವಂತೆ ಭಾಗವತರನ್ನು ಕೇಳಿಕೊಳ್ಳಬಹುದು. ವಾಲ್ಮೀಕಿಯ ಶೂರ್ಪನಖಿಯು ಅಲ್ಲಿ ಅಳುವುದಕ್ಕಿಂತ ಹೆಚ್ಚಾಗಿ ಗದರುತ್ತಾಳೆ: ಗೂಢಚಾರರಿಲ್ಲದ, ಗಡಿಯ ಸುದ್ದಿಯನ್ನರಿಯದ, ಭೋಗದಲ್ಲಿ ಮುಳುಗಿದ ಅರಸನಿಗೆ ರಾಜ್ಯವು ನಿಲ್ಲದೆಂದು ಅಣ್ಣನಿಗೇ ರಾಜನೀತಿಯನ್ನು ಹೇಳುತ್ತಾಳೆ. ಹೆಣ್ಣುಬಣ್ಣದ ವೇಷವನ್ನು ಕಟ್ಟುವ ಹುಡುಗಿಗೆ ಆ ಮಾತುಗಳನ್ನು ಕಲಿಸಿರಿ. ಆರ್ಭಟವನ್ನು ಅವಳು ತಾನಾಗಿಯೇ ಕಲಿತುಕೊಳ್ಳುವಳು.